ಸೂರ್ಯನಮಸ್ಕಾರವೂ ಬೀಸುಕಲ್ಲಿನ ಪದವೂ

ಯೋಗದ ತರಗತಿ ಎಂದ ಕೂಡಲೆ ಈಗಿನ ಜನಕ್ಕೆ ಒಂದು ಕೊಳಲು ಕೇಳಿಸುತ್ತದೆ. ಅದನ್ನು ಊದಿದವರು ಯಾರು, ಅದು ಯಾವ ರಾಗ, ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಕ್ಯಾಸೆಟ್ಟಿನ ರಟ್ಟಿನ ಮೇಲೂ ಇರುವುದಿಲ್ಲ. ಕೊಳಲಿನ ಹಿಂದೆ ಒಂದು ಹೊಳೆ ಹರಿಯುತ್ತಿರುತ್ತದೆ. ನಡುನಡುವೆ ಹಕ್ಕಿಯೊಂದು ಕೂಗುತ್ತದೆ. ಒಂದೇ ಹಕ್ಕಿ, ಒಂದೇ ಕೂಗು. ನಲವತ್ತು ಸೆಕೆಂಡಿಗೊಮ್ಮೆ ತಪ್ಪದೆ ಕೂಗುವ ಅಂಥ ಒಂದು ಹಕ್ಕಿಯನ್ನು ನಾನು ಗಡಿಯಾರ ಹಿಡಿದು ಪರೀಕ್ಷಿಸಿದ್ದೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿದವರ ಚಾಳಿ ಅದು, ಬಿಡುವುದಿಲ್ಲ. ಹೊಳೆಯ ವಿಷಯ ಇನ್ನೊಂದು ಬಗೆಯದು. ಐವತ್ತು ದಾಟಿದ, ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವ ಇಪ್ಪತ್ತು ಹೆಂಗಸರನ್ನು ಅಂಗಾತ ಮಲಗಿಸಿ, ಕಣ್ಣು ಮುಚ್ಚಿಸಿ, ಜುಳುಜುಳು ನೀರು ಹರಿಯುವ ಸದ್ದನ್ನು ಹತ್ತು ನಿಮಿಷ ಕೇಳಿಸಿದರೆ ಏನಾಗುತ್ತದೆ ಎಂಬುದನ್ನು ಆ ಕ್ಯಾಸೆಟ್ ಮಾಡಿದ ಪುಣ್ಯಾತ್ಮರು ಯೋಚಿಸಿದಂತಿಲ್ಲ. ಒಬ್ಬೊಬ್ಬರೇ ಎದ್ದು ಬಾತ್‌ರೂಮಿನ ಕಡೆ ಹೋಗುತ್ತಾರೆ. ನಮ್ಮ ಸಮುದಾಯ ಭವನದಲ್ಲಿ ಇರುವುದು ಒಂದೇ ಬಾತ್‌ರೂಮು.

ಮೈಸೂರಿನ ಒಂದು ಬಡಾವಣೆಯ ಆ ಭವನದಲ್ಲಿ 2003ರಿಂದ, ಬೆಳಿಗ್ಗೆ ಆರರಿಂದ ಏಳರವರೆಗೆ, ಹೆಂಗಸರಿಗೆ ಯೋಗ ಹೇಳಿಕೊಡುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ಆಸನಗಳ ವಿಷಯ ಕೇಳಿದವರಿಗಿಂತ ಸಂಗೀತದ ವಿಷಯ ಕೇಳಿದವರೇ ಹೆಚ್ಚು. ತರಕಾರಿ ಅಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಒಮ್ಮೆ ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಾಗಲೂ ಈ ಪ್ರಶ್ನೆ ಬಂದಿದೆ: "ನಿಮ್ಮ ಕ್ಲಾಸಿನಲ್ಲಿ ಅದೇನೋ ವಾಲಗ, ರಾಗಿ ಬೀಸೋ ಪದ ಎಲ್ಲ ಇದೆಯಂತಲ್ಲ, ಹೌದೆ ಮಿಸ್?" ಹೌದು, ಇದೆ. ಅದು ಹೇಗೆ ಬಂತು ಎಂದು ಹೇಳಲು ಪಂಕ್ತಿಯಲ್ಲಿ ಪುರಸೊತ್ತಿರುವುದಿಲ್ಲ. ಇಲ್ಲಿ ಇದೆ.

ಮೊದಲು ಒಂದು ಮಾತು. ನಮ್ಮೂರಿನ ಯೋಗ ಪರಂಪರೆಗೆ ಸಂಗೀತದ ಹಂಗಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸತೊಡಗಿದರು. ಅವರ 'ಯೋಗ ಮಕರಂದ' 1934ರಲ್ಲಿ ಮೊದಲು ಅಚ್ಚಾದದ್ದು ಕನ್ನಡದಲ್ಲಿ ಎಂದು ಇಲ್ಲಿಗೆ ಕಲಿಯಲು ಬರುವ ಪರದೇಶದವರಿಗೆ ಹೇಳಿದರೆ ಆಶ್ಚರ್ಯಪಡುತ್ತಾರೆ. ನಮ್ಮವರಿಗೆ ಹೇಳಿದರೆ ಅದಕ್ಕಿಂತ ಹೆಚ್ಚು ಆಶ್ಚರ್ಯಪಡುತ್ತಾರೆ. ಆಚಾರ್ಯರೂ ಅವರ ಶಿಷ್ಯ, ಕೋಲಾರದ ಕಡೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರೂ ಆಸನ ಹಾಕುವುದನ್ನು ತೋರಿಸುವ, 1938ರಲ್ಲಿ ತೆಗೆದ ಒಂದು ಫಿಲ್ಮು ಉಳಿದುಬಂದಿದೆ. ಅದು ಮೂಕಿಚಿತ್ರ. ಹಾಗೆ ಮೂಕಿಯಾಗಿರುವುದರಿಂದ ಅದಕ್ಕೆ ಏನೂ ಕೊರತೆಯಾಗಿಲ್ಲ ಎಂದು ನನಗೆ ಯಾವಾಗಲೂ ಅನ್ನಿಸಿದೆ. ಆಚಾರ್ಯರ ಇನ್ನೊಬ್ಬ ಶಿಷ್ಯ ಪಟ್ಟಾಭಿ ಜೋಯಿಸರ ಲಕ್ಷ್ಮೀಪುರದ ಶಾಲೆಯಲ್ಲಾಗಲಿ, ಆಮೇಲೆ ಗೋಕುಲದಲ್ಲಾಗಲಿ, ಕೇಳುತ್ತಿದ್ದುದು ಎರಡೇ ಸದ್ದು: ಏಕಂ, ದ್ವೇ, ತ್ರೀಣಿ ಎಂಬ ಎಣಿಕೆ, ಮತ್ತು ಕಲಿಯುವವರ ಉಸಿರು. ಸೂರ್ಯನಮಸ್ಕಾರದ ಮೊದಲ ಬಗೆಗೆ ಒಂಬತ್ತು ಎಣಿಕೆ, ಎರಡನೆಯದಕ್ಕೆ ಹದಿನೇಳು. ಲೆಕ್ಕ ತಪ್ಪುವಂತಿಲ್ಲ. ಅದೇ ಅಲ್ಲಿಯ ತಾಳ.

ಸಂಗೀತಗಾರರೇ ಯೋಗಕ್ಕೆ ಬಂದಾಗಲೂ ಸಂಗೀತವನ್ನು ಬಾಗಿಲ ಹೊರಗೆ ಬಿಟ್ಟು ಬಂದರು. ಪಿಟೀಲಿನ ಯೆಹೂದಿ ಮೆನುಹಿನ್ನರು 1952ರಲ್ಲಿ ಮುಂಬಯಿಯಲ್ಲಿ ಅಯ್ಯಂಗಾರರಿಂದ ಪಾಠ ಹೇಳಿಸಿಕೊಂಡರು. ಮುಂದೆ ಅವರಿಗೊಂದು ಕೈಗಡಿಯಾರ ಕೊಟ್ಟು, ಅದರ ಮೇಲೆ ಅವರನ್ನು ತಮ್ಮ ಅತ್ಯುತ್ತಮ ಪಿಟೀಲು ಮೇಷ್ಟರೆಂದು ಕೆತ್ತಿಸಿದರು. ಪಿಟೀಲು ಮುಟ್ಟದ ಪಿಟೀಲು ಮೇಷ್ಟರು! ಇದೇ ಮೆನುಹಿನ್ನರು 1982ರಲ್ಲಿ ಬರ್ಲಿನ್ನಿನ ವಾದ್ಯವೃಂದದ ಮುಂದೆ ಶೀರ್ಷಾಸನ ಹಾಕಿ, ಬೀಥೋವನ್ನನ ಐದನೆಯ ಸಿಂಫನಿಯ ಆರಂಭವನ್ನು ಕಾಲಿನಿಂದ ನಿರ್ದೇಶಿಸಿದರು. ಯೋಗಕ್ಕೂ ಸಂಗೀತಕ್ಕೂ ಅಷ್ಟು ಪ್ರತ್ಯಕ್ಷವಾದ ಸಂಬಂಧ ಬೇರೆಲ್ಲೂ ಏರ್ಪಟ್ಟಂತೆ ಕಾಣೆ. ನಮ್ಮ ಭವನದಲ್ಲಿ ಅದನ್ನು ಪ್ರಯತ್ನಿಸಿಲ್ಲ.

ನನಗೆ ಕಲಿಸಿದ ಹಿರಿಯರೂ ಇದೇ ಜಾತಿಯವರು. ಅವರ ಮನೆಯ ನಡುಮನೆಯಲ್ಲಿ ಆರು ಜನ ಕಷ್ಟಪಟ್ಟು ಕೈಕಾಲು ಚಾಚಬಹುದಿತ್ತು. ಒಬ್ಬ ಹುಡುಗ ಒಂದು ದಿನ ಟ್ರಾನ್ಸಿಸ್ಟರ್ ತಂದು ಮೆಲ್ಲಗೆ ಹಾಕಿದಾಗ ಅವರು ಅದನ್ನು ಆರಿಸಿ, "ಮಗೂ, ನಿನ್ನ ಉಸಿರು ನಿನಗೆ ಕೇಳದಿದ್ದ ಮೇಲೆ ಅದು ಕಸರತ್ತು. ಕಸರತ್ತು ಬೇಕಾದರೆ ಗರಡಿಮನೆ ಹತ್ತಿರವೇ ಇದೆ" ಎಂದಿದ್ದರು. ಆ ಮಾತು ನನ್ನ ಬೆನ್ನಿಗೆ ಅಂಟಿಕೊಂಡೇ ಇದೆ. ಆದರೆ ಅವರ ನಡುಮನೆ ಒಂದು ಅಗ್ರಹಾರದ ಒಳಬೀದಿಯಲ್ಲಿತ್ತು. ನಮ್ಮ ಸಮುದಾಯ ಭವನ ಮುಖ್ಯರಸ್ತೆಯ ಮೇಲಿದೆ. ಎಡಕ್ಕೆ ಹಿಟ್ಟಿನ ಮಿಲ್ಲು, ಬಲಕ್ಕೆ ಆಟೋ ರಿಪೇರಿಯವರು, ಎದುರಿಗೆ ಬಸ್ ಸ್ಟಾಪು. ಆರೂಕಾಲಿಗೆ ಮಿಲ್ಲಿನ ಬೆಲ್ಟು ತಿರುಗತೊಡಗಿದರೆ ನನ್ನ ಎಣಿಕೆ ಮೂರನೇ ಸಾಲಿಗೆ ಮುಟ್ಟುವುದಿಲ್ಲ, ಇನ್ನು ಅವರವರ ಉಸಿರು ಅವರವರಿಗೆ ಕೇಳುವುದೆಂತು? ಕಿಟಕಿಗೆ ಪರದೆ ಹಾಕುವಂತೆ ಕಿವಿಗೊಂದು ಪರದೆ ಬೇಕಾಯಿತು. ಹೀಗೆ ಟೇಪ್ ರೆಕಾರ್ಡರ್ ಬಂತು.

ಎಂಥ ಪರದೆ ಎಂಬುದು ಪ್ರಶ್ನೆ. ನಾನು ದೊರೆಸ್ವಾಮಿ ಅಯ್ಯಂಗಾರರ ವೀಣೆಯಿಂದ ಶುರುಮಾಡಿದೆ. ಮೈಸೂರಿನಲ್ಲಿ ಮೈಸೂರು ಬಾನಿಯ ವೀಣೆ, ಇದಕ್ಕಿಂತ ಔಚಿತ್ಯ ಬೇರೆ ಏನಿದೆ? ಆದರೆ ಮೈಸೂರಿನ ಹೆಂಗಸರು ವೀಣೆಯನ್ನು ಸುಮ್ಮನೆ ಕೇಳುವವರಲ್ಲ. ಪದ್ಮಾಸನದಲ್ಲಿ ಕೂತು ಕಣ್ಣು ಮುಚ್ಚಿದ್ದವರ ಬಲಗೈ ತಾನಾಗಿ ತೊಡೆಯ ಮೇಲೆ ತಾಳ ಹಾಕತೊಡಗಿತು. ಎರಡನೇ ದಿನ ಮುಂದಿನ ಸಾಲಿನವರೊಬ್ಬರು ಭುಜಂಗಾಸನದಲ್ಲಿ ತಲೆ ಎತ್ತಿದ ಹಾಗೆಯೇ ಪಕ್ಕದವರನ್ನು "ಇದು ಕಾಂಬೋದಿ ತಾನೆ?" ಎಂದು ಕೇಳಿದರು. ಪಕ್ಕದವರು ಕೂತೇಬಿಟ್ಟು "ಅಲ್ಲ ರೀ, ಹರಿಕಾಂಬೋದಿ" ಎಂದರು. ಅಲ್ಲಿಂದ ಎರಡು ಪಕ್ಷಗಳಾದವು. ಸರ್ಪ ಹೆಡೆ ಇಳಿಸಿತು.

ಗಾಯನ ಇನ್ನೂ ಕಷ್ಟ. ಸುಪ್ರಭಾತ ಹಾಕಿದರೆ ಎಲ್ಲರಿಗೂ ಒಲೆಯ ಮೇಲೆ ಡಿಕಾಕ್ಷನ್ ಇಟ್ಟು ಬಂದಂತಾಗುತ್ತದೆ. ಗೊತ್ತಿರುವ ಮಾತು ಕಿವಿಗೆ ಬಿದ್ದರೆ ಮನಸ್ಸು ಮಾತಿನ ಹಿಂದೆ ಹೊರಟುಹೋಗುತ್ತದೆ. ಒಂದು ಶನಿವಾರ, ಯಾರದೋ ಹುಟ್ಟುಹಬ್ಬವೆಂದು, ಅವರ ಆಸೆಯಂತೆ ರಾಜ್‌ಕುಮಾರ್ ಹಾಡುಗಳ ಕ್ಯಾಸೆಟ್ ಹಾಕಿದೆವು. ತ್ರಿಕೋಣಾಸನದಲ್ಲಿ ಬಾಗಿದ ಇಪ್ಪತ್ತೆರಡು ಜನ, ಒಂದು ಕೈ ನೆಲಕ್ಕೆ, ಒಂದು ಕೈ ಆಕಾಶಕ್ಕೆ, ಒಂದೇ ಕಂಠದಲ್ಲಿ ಅಣ್ಣಾವ್ರ ಜೊತೆ ಹಾಡಿದ ದೃಶ್ಯವನ್ನು ನಾನು ಮರೆಯಲಾರೆ. ಅಷ್ಟು ಖುಷಿಯಾದ ತರಗತಿ ಇನ್ನೊಂದಿಲ್ಲ. ಯೋಗ ಮಾತ್ರ ಆಗಲಿಲ್ಲ.

ಲೆಕ್ಕಕ್ಕೆ ಬರೋಣ. ಸುಮ್ಮನಿರುವಾಗ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಸೆಕೆಂಡಿಗೊಂದು ಅಕ್ಷರದಂತೆ ಆದಿತಾಳ ಹಿಡಿದರೆ ಒಂದು ಆವರ್ತಕ್ಕೆ 8 ಸೆಕೆಂಡು: ಲಘುವಿನ ನಾಲ್ಕರಲ್ಲಿ ಉಸಿರು ಒಳಕ್ಕೆ, ಎರಡು ದ್ರುತಗಳ ನಾಲ್ಕರಲ್ಲಿ ಹೊರಕ್ಕೆ. ನಿಮಿಷಕ್ಕೆ ಏಳೂವರೆ. ಸೂರ್ಯನಮಸ್ಕಾರಕ್ಕೆ ಇದು ಹೇಳಿ ಮಾಡಿಸಿದ ನಡೆ. ಆದರೆ ಕಛೇರಿಯವರು ನಮಗಾಗಿ ನುಡಿಸುವುದಿಲ್ಲವಲ್ಲ. ಕೃತಿ ಮುಗಿದು ಸ್ವರಕ್ಕೆ ಬಂದರೆ ಬಿರುಸು ಬರುತ್ತದೆ, ತನಿ ಆವರ್ತನ ಬಂದರೆ ಕೇಳುವುದೇ ಬೇಡ. ಮೃದಂಗದವರ ಹಿಂದೆ ನಮ್ಮ ಹೆಂಗಸರೂ ಓಡಿ ಏದುಸಿರು ಬಿಡುತ್ತಾರೆ. ಹಿಂದೂಸ್ತಾನಿಯ ವಿಲಂಬಿತವೋ, ಒಂದು ಆವರ್ತ ಮುಗಿದು ಸಮ್ಮಿಗೆ ಬರುವಷ್ಟರಲ್ಲಿ ಸಾಮಾನ್ಯರ ಉಸಿರು ಹಲವು ಸಲ ಹೋಗಿ ಬಂದಿರುತ್ತದೆ. ಬ್ಯಾಂಕಿನಲ್ಲಿದ್ದ, ಉಡುಪಿಯ ಕಡೆಯ ಒಬ್ಬರು ಯಕ್ಷಗಾನದ ಚೆಂಡೆಯ ಕ್ಯಾಸೆಟ್ ತಂದುಕೊಟ್ಟರು. ವೀರಭದ್ರಾಸನಕ್ಕೆ ಅದರಂಥ ಸಂಗೀತ ಇನ್ನೊಂದಿಲ್ಲವೆಂದು ಈಗಲೂ ಪ್ರಮಾಣ ಮಾಡಿ ಹೇಳುತ್ತೇನೆ. ಬೀದಿಯ ಎದುರು ಮನೆಯವರು ಮೂರನೇ ದಿನ ಬಂದು ಕೈಮುಗಿದದ್ದರಿಂದ ನಿಲ್ಲಿಸಬೇಕಾಯಿತು.

ಇಷ್ಟರಲ್ಲಿ ಭವನವನ್ನು ನೋಡಿಕೊಳ್ಳುವ ಸಂಘದ ಅಧ್ಯಕ್ಷರಿಗೆ ನಮ್ಮ ಸಂಗೀತದ ಪರಿಪಾಟಲು ತಿಳಿಯಿತು. ಅವರು ಒಳ್ಳೆಯ ಮನುಷ್ಯರು, ಆದರೆ ಒಳ್ಳೆಯದು ಎಂದರೆ ಏನೆಂಬುದು ತಮಗೆ ಮೊದಲೇ ಗೊತ್ತಿದೆ ಎಂದು ನಂಬಿದವರು. ಬೆಂಗಳೂರಿಗೆ ಹೋದಾಗ ದುಡ್ಡು ಕೊಟ್ಟು ಕೊಳಲಿನ ಒಂದು ಕ್ಯಾಸೆಟ್ ತಂದು, "ನೋಡಿ ಮೇಡಂ, ಯೋಗಕ್ಕೆ ಅಂತಲೇ ಮಾಡಿರೋದು" ಎಂದು ಕೈಗಿತ್ತರು. ಮಾರನೆಯ ದಿನ ಬೆಳಿಗ್ಗೆ ತಾವೇ ಬಂದು ಗುಂಡಿ ಒತ್ತಿ, ಹತ್ತು ನಿಮಿಷ ನಿಂತು ಕೇಳಿ, ಸಂತೋಷಪಟ್ಟು ಹೋದರು.

ಅವರು ಆ ಕಡೆ ಹೋಗುತ್ತಿದ್ದಂತೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಜಮಖಾನವನ್ನೂ ಮಡಿಸದೆ ಹೊರಗೆ ಹೋದರು. ಮಂಡ್ಯದ ಕಡೆಯ ಹಳ್ಳಿಯವರು, ಐವತ್ತು ದಾಟಿತ್ತು, ಮಾತು ಕಡಿಮೆ. ಸೊಸೈಟಿ ಡಾಕ್ಟರು ರಕ್ತದ ಒತ್ತಡಕ್ಕೆ ಯೋಗ ಮಾಡಿ ಎಂದದ್ದಕ್ಕೆ ಬಂದು ಸೇರಿದ್ದರು. ಹೊರಗೆ ನಲ್ಲಿಯ ಹತ್ತಿರ ಗೋಡೆ ಹಿಡಿದು ನಿಂತಿದ್ದರು. ಏನಾಯಿತೆಂದು ಕೇಳಿದರೆ "ಏನಿಲ್ಲ ಮಿಸ್, ತಲೆ ಸುತ್ತಿದಂಗಾಯ್ತು" ಎಂದರು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ.

ಸಂಜೆ ಅವರ ಮನೆಗೆ ಹೋದೆ. ಗೋಡೆಯ ಮೇಲೆ ಹೂವಿನ ಹಾರ ಹಾಕಿದ ಹುಡುಗನ ಫೋಟೋ ಇತ್ತು. ಹಿಂದಿನ ವರ್ಷ ಬೈಕಿನ ಅಪಘಾತದಲ್ಲಿ ಹೋದ ಮಗ, ಇಪ್ಪತ್ತನಾಲ್ಕು ವಯಸ್ಸು. ತಿಥಿಯ ತನಕ ಹನ್ನೊಂದು ದಿನ ಮನೆತುಂಬ ಜನ. ಮನಸ್ಸಿಗೆ ಶಾಂತಿಯಾಗಲೆಂದು ನೆಂಟರ ಹುಡುಗನೊಬ್ಬ ಇದೇ ಕೊಳಲಿನ ಕ್ಯಾಸೆಟ್ ತಂದು ಬೆಳಿಗ್ಗೆಯಿಂದ ರಾತ್ರಿಯವರೆಗೆ ಹಾಕುತ್ತಿದ್ದನಂತೆ. ಒಂದು ಕಡೆ ಮುಗಿದರೆ ಮಗುಚಿ ಇನ್ನೊಂದು ಕಡೆ. "ಆ ಹಕ್ಕಿ ಕೂಗ್ತದಲ್ಲ ಮಿಸ್," ಎಂದು ಅವರು ಹೇಳಿ ಸುಮ್ಮನಾದರು. ನಾನೂ ಸುಮ್ಮನಿದ್ದೆ. ಕಾಫಿ ಕೊಟ್ಟರು, ಕುಡಿದು ಬಂದೆ. ಬರುವಾಗ "ನಾಳೆಯಿಂದ ಅದು ಇರೋದಿಲ್ಲ, ಬನ್ನಿ" ಎಂದೆ.

ಆ ರಾತ್ರಿ ಮಲಗಿ ಯೋಚಿಸಿದಾಗ ಹೊಳೆದದ್ದು ಇದು. ಶಾಂತಿಗಾಗಿ ಎಂದು ಮಾಡಿದ ಸಂಗೀತವನ್ನು ಜನ ಎಲ್ಲಿ ಹಾಕುತ್ತಾರೆ? ಆಸ್ಪತ್ರೆಯ ಹೊರಕೋಣೆಯಲ್ಲಿ, ಸೂತಕದ ಮನೆಯಲ್ಲಿ, ಹೆಣ ಇಟ್ಟ ಜಗಲಿಯ ಪಕ್ಕದಲ್ಲಿ. ಶಾಂತಿ ಇಲ್ಲದ ಕಡೆಯಲ್ಲೆಲ್ಲ ಅದನ್ನು ಹಾಕಿ ಹಾಕಿ ಅದಕ್ಕೆ ಆ ವಾಸನೆಯೇ ಹತ್ತಿಬಿಟ್ಟಿದೆ. ಅಗರಬತ್ತಿಗೂ ಹಾಗೆಯೇ ಅಲ್ಲವೆ? ಅಂಗಾತ ಮಲಗಿ ಕಣ್ಣು ಮುಚ್ಚು ಎನ್ನುತ್ತೇವೆ, ಆ ಆಸನದ ಹೆಸರೇ ಶವಾಸನ, ಮೇಲೆ ಈ ಕೊಳಲು. ಮಗನನ್ನು ಕಳೆದುಕೊಂಡವಳಿಗೆ ಇದನ್ನು ಮಾಡಿಸುವುದೆ? ಮಾರನೆಯ ದಿನ ಆ ಕ್ಯಾಸೆಟ್ ಬೀರುವಿನ ಮೇಲಿನ ಖಾನೆಗೆ ಹೋಯಿತು.

ಅದರ ಜಾಗದಲ್ಲಿ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಬಂತು. ಇದಕ್ಕೆ ಕಾರಣಗಳಿದ್ದವು. ಒಂದು, ಮಾತಿಲ್ಲ. ಎರಡು, ಅದು ಉಸಿರಿನ ವಾದ್ಯ; ಅದರಲ್ಲೂ ದೊಡ್ಡ ಉಸಿರಿನ ವಾದ್ಯ. ಬಂಟ್ವಾಳದ ಕಡೆಯ ನಾಗಸ್ವರದವರ ಮನೆಯ ಆ ಹುಡುಗ ಸ್ಯಾಕ್ಸೋಫೋನನ್ನು ಮೊದಲು ಕಂಡದ್ದು ನಮ್ಮ ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ಗಮಕ ಹಿಡಿಯಲಾರದ ಪರದೇಶಿ ವಾದ್ಯವನ್ನು ಕೊಂಚ ಮಾರ್ಪಡಿಸಿಕೊಂಡು, ವರ್ಷಗಟ್ಟಲೆ ಊದಿ ಪಳಗಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ಅದರ ಮೇಲೆ ಕರ್ನಾಟಕ ಸಂಗೀತ ನುಡಿಸಿ ಬಂದರು. ಅವರ ರಾಗಾಲಾಪನೆಯಲ್ಲಿ ತಾಳವಿರುವುದಿಲ್ಲ, ಸ್ವರ ಒಂದೇ ಸಮನೆ ನಿಂತು, ಬಾಗಿ, ಇಳಿಯುತ್ತದೆ. ಪಶ್ಚಿಮೋತ್ತಾನಾಸನದಲ್ಲಿ ಮುಂದಕ್ಕೆ ಬಾಗುವವರಿಗೆ ಆ ಇಳಿಯುವ ಸ್ವರ ಬೆನ್ನಿನ ಮೇಲೆ ಕೈಯಿಟ್ಟಂತೆ. ನಡುವೆ ಅವರು ಉಸಿರು ತೆಗೆದುಕೊಳ್ಳಲು ನಿಲ್ಲಿಸುತ್ತಾರಲ್ಲ, ಆಗ ನಮ್ಮವರೂ ತೆಗೆದುಕೊಳ್ಳುತ್ತಾರೆ. ಯಾರೂ ಹೇಳಿಕೊಡಬೇಕಾಗಿಲ್ಲ. ಕೊಳಲೂ ಉಸಿರಿನ ವಾದ್ಯವೇ ಎನ್ನುವಿರಿ, ನಿಜ. ಆದರೆ ಆ ಕ್ಯಾಸೆಟ್ಟಿನ ಕೊಳಲು ಅರ್ಧ ಗಂಟೆ ಒಂದು ಸಲವೂ ಉಸಿರು ತೆಗೆದುಕೊಳ್ಳುವುದಿಲ್ಲ. ಅದನ್ನು ಯಂತ್ರದಲ್ಲಿ ಹೆಣೆದು ಜೋಡಿಸಿರುತ್ತಾರೆ. ಉಸಿರಾಡದ ಸಂಗೀತವನ್ನು ಕೇಳುತ್ತ ಉಸಿರಾಟ ಕಲಿಯುವುದು ಹೇಗೆ?

ಆ ತಾಯಿ ಬಂದರು. ಮೊದಲ ದಿನ ಬಾಗಿಲ ಹತ್ತಿರವೇ ಜಮಖಾನ ಹಾಸಿದರು, ಹೊರಗೆ ಹೋಗಲು ಅನುಕೂಲವಾಗುವ ಹಾಗೆ. ಸ್ಯಾಕ್ಸೋಫೋನಿಗೂ ನೆನಪಿನ ಕಾಟ ತಪ್ಪಿದ್ದಲ್ಲ. ಒಬ್ಬ ಹುಡುಗಿಗೆ ಅದು ತನ್ನ ಮದುವೆಯ ಆರತಕ್ಷತೆಯ ನೆನಪು ತಂದಿತಂತೆ, ನಗುತ್ತ ಹೇಳಿದಳು. ನಗುವ ನೆನಪಾದರೆ ಅಡ್ಡಿಯಿಲ್ಲ.

ಇನ್ನು ಬೀಸುಕಲ್ಲಿನ ಪದದ ವಿಷಯ. ಅದನ್ನು ನಾನು ಆರಿಸಲಿಲ್ಲ, ಅದು ತಾನಾಗಿ ಬಂತು. ಮೊಣಕಾಲು ನೋವಿನವರಿಗೆ, ಸೊಂಟ ಹಿಡಿದವರಿಗೆ ಮಾಡಿಸುವ ಒಂದು ಚಲನೆಯಿದೆ, ಚಕ್ಕಿ ಚಾಲನ ಎಂದು ಅದರ ಹೆಸರು. ಕಾಲು ಚಾಚಿ ಕೂತು, ಎರಡೂ ಕೈಬೆರಳು ಹೆಣೆದು, ಪಾದದ ಆಚೆಯಿಂದ ಹೊಟ್ಟೆಯವರೆಗೆ ದೊಡ್ಡ ಸುತ್ತು ತಿರುಗಿಸಬೇಕು. ಹಿಂದಕ್ಕೆ ಬಾಗುವಾಗ ಉಸಿರು ಒಳಕ್ಕೆ, ಮುಂದಕ್ಕೆ ಹೋಗುವಾಗ ಹೊರಕ್ಕೆ. ನಾನು ಮಾಡಿ ತೋರಿಸುತ್ತಿದ್ದಂತೆ ಮೂರನೇ ಸಾಲಿನಲ್ಲಿ ನಗು ಹುಟ್ಟಿತು. "ಅಯ್ಯೋ ಮಿಸ್, ಇದು ರಾಗಿ ಬೀಸೋದಲ್ವ! ಮದುವೆಯಾಗೋ ತನಕ ದಿನಾ ನಾಲ್ಕು ಸೇರು ಬೀಸಿದೀವಿ, ಆಗ ಯಾರೂ ಯೋಗ ಅನ್ನಲಿಲ್ಲ!" ಇನ್ನೊಬ್ಬರು "ಗೂಟ ಎಲ್ಲಿ? ಗೂಟ ಇಲ್ದೆ ಎಂಥ ಬೀಸೋದು?" ಎಂದರು. ತರಗತಿಯ ಅರ್ಧಕ್ಕಿಂತ ಹೆಚ್ಚು ಜನ 1950, 60ರ ದಶಕಗಳಲ್ಲಿ ಹಳ್ಳಿಯಲ್ಲಿ ಬೆಳೆದವರು, ಕೋಳಿ ಕೂಗುವ ಮೊದಲೇ ಎದ್ದು ಅವ್ವನ ಎದುರು ಕೂತು ಒಂದೇ ಗೂಟಕ್ಕೆ ಕೈ ಹಾಕಿದವರು. ಯಾರೋ ಒಬ್ಬರು ನಾಚಿಕೊಳ್ಳುತ್ತ ಒಂದು ಪದ ಎತ್ತಿಕೊಂಡರು. ಕಲ್ಲನ್ನೇ ತಾಯಿ ಎಂದು ಕರೆದು ಶುರುಮಾಡುತ್ತಾರಲ್ಲ, ಅಂಥದು. ಎರಡನೇ ಸಾಲಿನಲ್ಲಿ ತಡವರಿಸಿ ನಿಂತರು.

"ಹಂಗಲ್ಲ ಅದು," ಎಂದು ಬಾಗಿಲ ಹತ್ತಿರದಿಂದ ಒಂದು ದನಿ ಬಂತು. ಅವರೇ. ಸರಿಯಾದ ಮಾತನ್ನು ಹೇಳಿದರು, ಹಾಡಲಿಲ್ಲ. ಎತ್ತಿಕೊಂಡವರು ಮುಂದುವರಿಸಿದರು. ಇನ್ನೊಂದು ಕಡೆ ತಪ್ಪಿತು, ಮತ್ತೆ ತಿದ್ದಿದರು. ಮೂರನೇ ಸಲ ತಪ್ಪಿದಾಗ ಇವರಿಗೆ ಹೇಳಿ ಪ್ರಯೋಜನವಿಲ್ಲ ಎನ್ನುವಂತೆ ತಾವೇ ಹಾಡಿದರು. ದೊಡ್ಡ ಕಂಠವೇನಲ್ಲ. ಆದರೆ ಕೈ ಸುತ್ತುವುದಕ್ಕೂ ಪದದ ನಡೆಗೂ ಕೂದಲಷ್ಟೂ ವ್ಯತ್ಯಾಸವಿಲ್ಲ.

ತ್ರಿಪದಿ ಎಂದು ಕಾಲೇಜಿನಲ್ಲಿ ಓದಿದ್ದೆ. ಮೂರು ಸಾಲು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಹಾಡುವಾಗ ಅದು ಮೂರಾಗಿ ಉಳಿಯುವುದಿಲ್ಲ. ಎರಡನೇ ಸಾಲಿನ ಭಾಗವನ್ನು ಮತ್ತೆ ಹೇಳಿ ನಾಲ್ಕಕ್ಕೆ ಎಳೆಯುತ್ತಾರೆ. ಏಕೆ ಎಂಬುದು ನನಗೆ ಜಮಖಾನದ ಮೇಲೆ ಕೂತು ಕೈ ತಿರುಗಿಸಿದಾಗ ಅರ್ಥವಾಯಿತು. ಅಷ್ಟು ಹೊತ್ತು ಕಲ್ಲು ನಿಲ್ಲುವಂತಿಲ್ಲ, ಮುಂದಿನ ಸಾಲು ನೆನಪಿಗೆ ಬರಬೇಕು, ಒಂದು ಹಿಡಿ ರಾಗಿಯನ್ನು ಕಣ್ಣಿಗೆ ಹಾಕಬೇಕು, ಉಸಿರೂ ತಿರುಗಬೇಕು. ಹಳೆಯ ಸಾಲನ್ನೇ ಇನ್ನೊಮ್ಮೆ ಹೇಳಿದರೆ ಇಷ್ಟಕ್ಕೂ ಬಿಡುವು ಸಿಗುತ್ತದೆ. ಈ ಮಾತನ್ನು ಪಂಡಿತರು ಒಪ್ಪದಿರಬಹುದು. ಅವರು ಬಂದು ಇಪ್ಪತ್ತು ಸುತ್ತು ತಿರುಗಿಸಿ ಆಮೇಲೆ ಹೇಳಲಿ.

ಹಾಡುವವರ ಉಸಿರು ಹೊರಹೋಗುವಾಗ ಉದ್ದವಾಗುತ್ತದೆ, ಒಳಬರುವಾಗ ಗಿಡ್ಡ. ಪ್ರಾಣಾಯಾಮದಲ್ಲಿ ನಾವು ಹೇಳಿ ಹೇಳಿ ಸೋಲುವುದು ಇದನ್ನೇ. ಇಟಲಿಯ ಬರ್ನಾರ್ಡಿ ಎಂಬ ವೈದ್ಯರೂ ಸಂಗಡಿಗರೂ 23 ಜನರನ್ನು ಪರೀಕ್ಷಿಸಿ 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು: ಲ್ಯಾಟಿನ್ನಿನಲ್ಲಿ ಜಪಮಾಲೆಯ ಪ್ರಾರ್ಥನೆ ಹೇಳಿದರೂ ಸರಿ, ಓಂ ಮಣಿ ಪದ್ಮೇ ಹೂಂ ಎಂದರೂ ಸರಿ, ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುತ್ತದೆ, ಹೃದಯದ ಬಡಿತಕ್ಕೂ ರಕ್ತದ ಒತ್ತಡಕ್ಕೂ ಒಂದು ಹೊಂದಾಣಿಕೆ ಬರುತ್ತದೆ. ಆ ವೈದ್ಯರಿಗೆ ಬೀಸುಕಲ್ಲಿನ ಪದ ಸಿಕ್ಕಿರಲಿಲ್ಲ. ನಾನು ಕೈಗಡಿಯಾರ ಹಿಡಿದು ನಮ್ಮ ತರಗತಿಯಲ್ಲಿ ನೋಡಿದೆ: ಏಳು, ಕೆಲವರದು ಆರು. ಇದನ್ನು ಸಂಶೋಧನೆ ಎನ್ನುವುದಿಲ್ಲ, ಎನ್ನಲೂಬಾರದು. ನನ್ನ ಸಮಾಧಾನಕ್ಕೆ ಸಾಕು.

ಯೋಗದ ಭವನದಲ್ಲಿ ರಾಗಿ ಬೀಸುತ್ತಾರೆ ಎಂಬ ಸುದ್ದಿ ಅಧ್ಯಕ್ಷರಿಗೆ ಮುಟ್ಟಲು ಒಂದು ವಾರ ಸಾಕಾಯಿತು. ಬಂದರು. ಬಾಗಿಲಲ್ಲಿ ನಿಂತು ನೋಡಿದರು. "ಮೇಡಂ, ಯೋಗಕ್ಕೆ ಅಂತ ಒಂದು ಗಾಂಭೀರ್ಯ ಬೇಡವೆ? ನಾನು ಕೊಟ್ಟ ಕ್ಯಾಸೆಟ್ ಏನಾಯಿತು?" ಆ ತಾಯಿಯ ವಿಷಯ ಹೇಳಿಬಿಟ್ಟರೆ ಅವರು ಮೆತ್ತಗಾಗುತ್ತಿದ್ದರು, ನನಗೆ ಗೊತ್ತು. ಆದರೆ ಅದು ಹೇಳಿಕೊಳ್ಳುವ ಹಕ್ಕು ನನ್ನದಲ್ಲ. "ಬೀರುವಿನಲ್ಲಿ ಭದ್ರವಾಗಿದೆ" ಎಂದೆ. ಹದಿನೈದು ದಿನಕ್ಕೆ ಸಂಘದ ಮೊಹರು ಒತ್ತಿದ ಕಾಗದ ಬಂತು. ಭವನದ ತರಗತಿಗಳಲ್ಲಿ ಸಂಘ ಒಪ್ಪಿದ ಧ್ವನಿಸುರುಳಿಯನ್ನಲ್ಲದೆ ಬೇರೆ ಯಾವ ಧ್ವನಿಸುರುಳಿಯನ್ನೂ ಹಾಕತಕ್ಕದ್ದಲ್ಲ; ತಪ್ಪಿದಲ್ಲಿ ಜಾಗ ಬೇರೆಯವರಿಗೆ ಕೊಡಲಾಗುವುದು. ಇಪ್ಪತ್ತೆರಡು ಜನ ಹೆಂಗಸರು ಬೆಳಿಗ್ಗೆ ಆರು ಗಂಟೆಗೆ ಮನೆಯಿಂದ ಹೊರಗೆ ಬಂದು ಕೈಕಾಲು ಚಾಚಲು ಆ ಬಡಾವಣೆಯಲ್ಲಿ ಬೇರೆ ಜಾಗವಿರಲಿಲ್ಲ. ಪಾರ್ಕಿನಲ್ಲಿ ಮಾಡೋಣವೆಂದರೆ ಸೀರೆಯುಟ್ಟು ಬರುವವರು, ದಾರಿಹೋಕರ ಎದುರು ಕಾಲೆತ್ತಲು ಒಪ್ಪುವುದಿಲ್ಲ. ಅರ್ಧ ಜನ ಬಿಟ್ಟೇಬಿಡುತ್ತಿದ್ದರು. ಬಿಡುವವರಲ್ಲಿ ಯಾರು ಮೊದಲಿಗರೆಂದೂ ನನಗೆ ಗೊತ್ತಿತ್ತು.

ಕಾಗದವನ್ನು ತರಗತಿಯಲ್ಲಿ ಓದಿದೆ. ರಾಗದ ಜಗಳದಲ್ಲಿ ಹರಿಕಾಂಬೋದಿಯ ಪಕ್ಷ ವಹಿಸಿದ್ದವರು, ಕೋರ್ಟಿನಲ್ಲಿ ಗುಮಾಸ್ತೆಯಾಗಿದ್ದವರು, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದರು. "ಧ್ವನಿಸುರುಳಿ ಹಾಕಬಾರದು ಅಂತಿದೆ. ಬಾಯಲ್ಲಿ ಹಾಡಬಾರದು ಅಂತ ಎಲ್ಲಿದೆ?" ಎಂದರು. ಅಂದಿನಿಂದ ಟೇಪ್ ರೆಕಾರ್ಡರ್‌ಗೆ ಬಟ್ಟೆ ಮುಚ್ಚಿದೆವು. ಕದ್ರಿಯವರನ್ನು ಕಳೆದುಕೊಂಡದ್ದು ನನಗೆ ನೋವೇ ಆಯಿತು. ಅದು ಬಿಟ್ಟರೆ ತರಗತಿಗೆ ಏನೂ ಕಡಿಮೆಯಾಗಲಿಲ್ಲ. ಎರಡು ವರ್ಷದ ಮೇಲೆ ಸಂಘಕ್ಕೆ ಹೊಸ ಅಧ್ಯಕ್ಷರು ಬಂದರು, ಕಾಗದ ಎಲ್ಲಿ ಹೋಯಿತೋ. ಕದ್ರಿಯವರು ಮೊದಲು ಸಿ.ಡಿ.ಯಾಗಿ, ಆಮೇಲೆ ಮೊಬೈಲಿನೊಳಗೆ ಕೂತು ಮತ್ತೆ ಬಂದರು. 2019ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡ ಮಾರನೆಯ ಬೆಳಿಗ್ಗೆ ಅವರ ಆಲಾಪನೆಯೊಂದನ್ನು ಹಾಕಿದೆ; ಯಾರೂ ಆಸನ ಮಾಡಲಿಲ್ಲ, ಕೂತು ಕೇಳಿದರು.

ಶವಾಸನಕ್ಕೆ ಮಾತ್ರ ನಾನು ಏನನ್ನೂ ಹಾಕುವುದಿಲ್ಲ. ಇದರಲ್ಲಿ ಹಠವಿದೆಯೆಂದು ಹೇಳುವವರಿದ್ದಾರೆ, ಇರಲಿ. ಹಠಯೋಗ ಪ್ರದೀಪಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಯೋಗಿಗೆ ಒಳಗಿನಿಂದ ಕೇಳುವ ನಾದಗಳ ಪಟ್ಟಿಯಿದೆ. ಮೊದಲು ಸಮುದ್ರ, ಮೋಡ, ಭೇರಿ. ನಡುವೆ ಮದ್ದಳೆ, ಶಂಖ, ಗಂಟೆ. ಕೊನೆಗೆ ಕಿರುಗೆಜ್ಜೆ, ಕೊಳಲು, ವೀಣೆ, ದುಂಬಿ. ಕೊಳಲು ಬರುವುದು ಕೊನೆಯಲ್ಲಿ, ಅದೂ ಒಳಗಿನಿಂದ. ಅದನ್ನು ಹೊರಗಿನಿಂದ ಹಾಕಿದರೆ ಒಳಗಿನದು ಬಂದರೂ ಕೇಳುವುದು ಹೇಗೆ? ನಮ್ಮಂಥವರಿಗೆ ಅದು ಬರುವುದಿಲ್ಲ ಎನ್ನಿ. ಆದರೂ ಜಾಗ ಖಾಲಿ ಇಟ್ಟಿರಬೇಕು. ಅದೇ ಬರ್ನಾರ್ಡಿಯವರು 2006ರಲ್ಲಿ ಜನರಿಗೆ ಆರು ಬಗೆಯ ಸಂಗೀತ ಕೇಳಿಸಿದರು, ಅದರಲ್ಲಿ ನಮ್ಮ ರಾಗವೂ ಒಂದು. ನಡುವೆ ಎಲ್ಲೋ ಎರಡು ನಿಮಿಷ ಏನೂ ಇಲ್ಲದಂತೆ ಬಿಟ್ಟರು. ಹೃದಯದ ಬಡಿತ, ರಕ್ತದ ಒತ್ತಡ ಚೆನ್ನಾಗಿ ಇಳಿದದ್ದು ಆ ಎರಡು ನಿಮಿಷದಲ್ಲಿ. ಸಂಗೀತ ಶುರುವಾಗುವ ಮೊದಲು ಇದ್ದುದಕ್ಕಿಂತಲೂ ಕೆಳಕ್ಕೆ. ನಮ್ಮಲ್ಲಿ ಪದ ನಿಂತ ಕೂಡಲೆ ಆಗುವುದೂ ಇದೇ. ಮಿಲ್ಲಿನ ಬೆಲ್ಟು ತಿರುಗುತ್ತಿರುತ್ತದೆ, ಬಸ್ಸು ಹಾರನ್ ಹೊಡೆಯುತ್ತದೆ, ಆದರೆ ಅಷ್ಟು ಹೊತ್ತು ತಾವೇ ದನಿ ಮಾಡಿದವರಿಗೆ ಅವು ಯಾವುವೂ ಅಷ್ಟಾಗಿ ತಟ್ಟುವುದಿಲ್ಲ. ನನ್ನ ಗುರುಗಳು ಇದ್ದಿದ್ದರೆ ಪದ ಹಾಡುವಾಗ ಮುಖ ಸಿಂಡರಿಸಿ, ಆಮೇಲಿನ ಐದು ನಿಮಿಷಕ್ಕೆ ತಲೆದೂಗುತ್ತಿದ್ದರು.

ಈಗ ಊರಲ್ಲೆಲ್ಲ ಯೋಗ. 2015ರಿಂದ ಜೂನ್ 21ಕ್ಕೆ ಯೋಗದ ದಿನವೆಂದು ಆಚರಣೆ. 2017ರಲ್ಲಿ ನಮ್ಮ ರೇಸ್‌ಕೋರ್ಸ್ ಮೈದಾನದಲ್ಲಿ 50,000ಕ್ಕೂ ಹೆಚ್ಚು ಜನ ಒಟ್ಟಿಗೆ ಆಸನ ಹಾಕಿದರು. ಚಿಕ್ಕವಯಸ್ಸಿನ ಯೋಗ ಶಿಕ್ಷಕಿಯರು ನನ್ನ ಹತ್ತಿರ ಬಂದು "ನಿಮ್ಮ ಲಿಸ್ಟು ಕೊಡಿ" ಎನ್ನುತ್ತಾರೆ. ಲಿಸ್ಟು ಇಲ್ಲ. ನಿಮ್ಮ ತರಗತಿಯಲ್ಲಿ ಯಾರಿದ್ದಾರೆ, ಯಾವ ಹಾಡಿಗೆ ಯಾರು ಎದ್ದು ಹೊರಗೆ ಹೋಗುತ್ತಾರೆ, ಅದನ್ನು ನೋಡಿಕೊಳ್ಳಿ ಎನ್ನುತ್ತೇನೆ. ಅವರಿಗೆ ಸಮಾಧಾನವಾದಂತೆ ಕಾಣುವುದಿಲ್ಲ.

2023ರ ಯೋಗದ ದಿನ ಬಡಾವಣೆಯ ಪಾರ್ಕಿನಲ್ಲಿ ಶಾಮಿಯಾನ ಹಾಕಿಸಿದ್ದರು. ನಮ್ಮ ತರಗತಿಯವರೆಲ್ಲ ಸಾಲಾಗಿ ಕೂತಿದ್ದೆವು. ಆ ತಾಯಿಗೆ ಈಗ ಎಪ್ಪತ್ತು. ಮೊಣಕಾಲು ಮಡಿಸಲಾಗದ್ದರಿಂದ ಕುರ್ಚಿಯ ಮೇಲೆಯೇ ಮಾಡುತ್ತಾರೆ. ಕೊನೆಯಲ್ಲಿ ಎಲ್ಲರನ್ನೂ ಮಲಗಿಸಿ ಮೈಕಿನವನು ಏನೋ ಒತ್ತಿದ. ಕೊಳಲು, ಹೊಳೆ, ಹಕ್ಕಿ. ಅವರು ಕುರ್ಚಿಯಿಂದ ಎದ್ದು, ನಿಧಾನವಾಗಿ ನಡೆದು, ಪಾರ್ಕಿನ ಆ ತುದಿಯ ಕಲ್ಲುಬೆಂಚಿನ ಮೇಲೆ ಕೂತರು. ನಾನೂ ಇನ್ನಿಬ್ಬರೂ ಎದ್ದು ಹೋಗಿ ಪಕ್ಕದಲ್ಲಿ ಕೂತೆವು. ಯಾರೂ ಮಾತಾಡಲಿಲ್ಲ. ಅಷ್ಟು ದೂರಕ್ಕೆ ಹಕ್ಕಿ ಸಣ್ಣಗೆ ಕೇಳುತ್ತಿತ್ತು. ಅದು ಮುಗಿದ ಮೇಲೆ "ಉಪ್ಪಿಟ್ಟು ಮಾಡ್ಸವ್ರೆ, ಆರೋಯ್ತದೆ, ನಡೀರಿ" ಎಂದು ಅವರೇ ಎದ್ದರು.